ಜಪಾನಿನ ಚಹಾ ಕೂಟಕ್ಕೆ ಅತಿಥಿಯಾಗಿ ಹೋಗುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸಕ್ಕೋ ಓದಿಗೋ ಪ್ರವಾಸಕ್ಕೋ ಜಪಾನಿಗೆ ಬಂದ ನಮ್ಮವರಿಗೆ ಒಂದಲ್ಲ ಒಂದು ದಿನ ಚಹಾ ಕೂಟಕ್ಕೆ ಕರೆ ಬರುತ್ತದೆ. ಕರೆ ಬಂದ ಖುಷಿಯ ಹಿಂದೆಯೇ ಭಯವೂ ಬರುತ್ತದೆ. ಹೇಗೆ ಕೂರಬೇಕು, ಯಾವ ಕೈಯಲ್ಲಿ ಹಿಡಿಯಬೇಕು, ತಪ್ಪಾದರೆ ಏನಾಗುತ್ತದೆ? ನನ್ನನ್ನು ಕೇಳಿದವರಿಗೆಲ್ಲ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ನಾನು ಕಲಿಯುತ್ತಿರುವುದು ಉರಾಸೆಂಕೆ ಎಂಬ ಚಹಾ ಮನೆತನದ ಪದ್ಧತಿ. ಹಾಗಾಗಿ ಕೈ ಎಲ್ಲಿಡಬೇಕು, ಬಟ್ಟಲು ಹೇಗೆ ತಿರುಗಿಸಬೇಕು ಎನ್ನುವ ವಿವರಗಳು ಆ ಪದ್ಧತಿಯವು. ಬೇರೆ ಮನೆತನದವರ ಕೂಟದಲ್ಲಿ ಸ್ವಲ್ಪ ಆಚೀಚೆ ಇರುತ್ತದೆ.

ಒಂದು ಬಟ್ಟಲು ಟೀ ಕುಡಿಯುವುದಕ್ಕೆ ಇಷ್ಟೆಲ್ಲ ಯಾಕೆ?

ಇದನ್ನು ಜಪಾನೀಯರು 'ಚಾನೊಯು' ಎನ್ನುತ್ತಾರೆ. ಪದದ ಅರ್ಥ 'ಚಹಾಕ್ಕೆ ಬಿಸಿನೀರು', ಅಷ್ಟೇ. ಮೊದಲು ಝೆನ್ ಮಠಗಳಲ್ಲಿ ಧ್ಯಾನದ ಹೊತ್ತಿನಲ್ಲಿ ನಿದ್ದೆ ಬಾರದಿರಲಿ ಎಂದು ಕುಡಿಯುತ್ತಿದ್ದ ಪುಡಿ ಚಹಾ ಆಮೇಲೆ ದೊರೆಗಳ, ವ್ಯಾಪಾರಿಗಳ ಮನೆ ಸೇರಿತು. ಬರಬರುತ್ತಾ ಅದು ದುಬಾರಿ ಚೀನೀ ಪಾತ್ರೆಗಳ ಪ್ರದರ್ಶನವೂ ಆಯಿತು. ಅದನ್ನು ಮಣ್ಣಿನ ಗೋಡೆಯ ಪುಟ್ಟ ಕೋಣೆಗೆ, ಕೈಯಲ್ಲೇ ತಿದ್ದಿದ ಒರಟು ಬಟ್ಟಲಿಗೆ ಇಳಿಸಿದವರು ಸಕಾಯ್ ಎಂಬ ಬಂದರು ಊರಿನ ವ್ಯಾಪಾರಿ ಮನೆತನದ ಸೆನ್ ನೊ ರಿಕ್ಯೂ (1522–1591). ಅವರ ಮರಿಮಕ್ಕಳಿಂದ ಬೆಳೆದ ಮೂರು ಮನೆತನಗಳು ಒಮೊತೆಸೆಂಕೆ, ಉರಾಸೆಂಕೆ ಮತ್ತು ಮುಶಾಕೋಜಿಸೆಂಕೆ. ಮೂರೂ ಇವತ್ತಿಗೂ ಕ್ಯೋಟೊದಲ್ಲೇ ಇವೆ.

ರಿಕ್ಯೂ ಹೇಳಿದರು ಎನ್ನುವ ಏಳು ಮಾತುಗಳು ಚಹಾ ಕಲಿಯುವವರಿಗೆಲ್ಲ ಬಾಯಿಪಾಠ. ಮಳೆ ಬಾರದಿದ್ದರೂ ಕೊಡೆ ಸಿದ್ಧವಿರಲಿ ಎನ್ನುವುದು ಅದರಲ್ಲಿ ಒಂದು. ಕೊನೆಯದು, 'ಜೊತೆಯಲ್ಲಿ ಕೂತವರ ಕಡೆ ನಿಮ್ಮ ಮನಸ್ಸಿರಲಿ'. ಕೆಳಗಿನ ನಿಯಮಗಳಲ್ಲಿ ಹೆಚ್ಚಿನವು ಈ ಒಂದು ಮಾತಿನಿಂದಲೇ ಹುಟ್ಟಿದಂತೆ ನನಗೆ ಕಾಣುತ್ತದೆ. ಕೈ ತಿರುಗಿಸುವ ಲೆಕ್ಕ ಮರೆತರೂ ಇದೊಂದು ನೆನಪಿದ್ದರೆ ನೀವು ಒಳ್ಳೆಯ ಅತಿಥಿ.

ನನ್ನನ್ನು ಕರೆದಿರುವುದು 'ಚಾಕಾಯ್'ಗೆ. ಇನ್ನೊಬ್ಬರು 'ಚಾಜಿ' ಎಂದರು. ಎರಡೂ ಒಂದೇನಾ?

ಅಲ್ಲ. ಚಾಕಾಯ್ ಅಂದರೆ ಸಣ್ಣ ಕೂಟ. ಒಂದು ಸಿಹಿ, ಒಂದು ಬಟ್ಟಲು ತೆಳು ಚಹಾ, ಒಂದು ಗಂಟೆಯ ಒಳಗೆ ಮುಗಿಯುತ್ತದೆ. ದೇವಸ್ಥಾನಗಳಲ್ಲಿ, ಕಾಲೇಜು ಹಬ್ಬಗಳಲ್ಲಿ ಹತ್ತಿಪ್ಪತ್ತು ಜನರನ್ನು ಒಟ್ಟಿಗೆ ಕೂರಿಸಿ ಮಾಡುತ್ತಾರೆ.

ಚಾಜಿ ಅಂದರೆ ಪೂರ್ತಿ ಊಟದ ಸಮೇತ ನಡೆಯುವ ಕೂಟ. ಸುಮಾರು 4 ಗಂಟೆ ಹಿಡಿಯುತ್ತದೆ. ಅತಿಥಿಗಳು ನಾಲ್ಕೈದು ಜನ ಮಾತ್ರ. ಇದ್ದಿಲು ಜೋಡಿಸುವುದು, ಕಾಯ್ಸೆಕಿ ಎಂಬ ಊಟ, ಸಿಹಿ, ನಡುವೆ ತೋಟದಲ್ಲಿ ಸ್ವಲ್ಪ ಬಿಡುವು, ಮತ್ತೆ ಒಳಗೆ ಬಂದು ಗಟ್ಟಿ ಚಹಾ (ಕೋಯ್ಚಾ), ಕೊನೆಗೆ ತೆಳು ಚಹಾ (ಉಸುಚಾ). ಯಾರಾದರೂ ಚಾಜಿಗೆ ಕರೆದರೆ ಅವರು ಅದಕ್ಕಾಗಿ ವಾರಗಟ್ಟಲೆ ತಯಾರಿ ಮಾಡಿಕೊಂಡಿರುತ್ತಾರೆ. ಒಪ್ಪಿಕೊಂಡ ಮೇಲೆ ತಪ್ಪಿಸಬೇಡಿ.

ಏನು ಉಡಬೇಕು? ಕಿಮೊನೊ ಬೇಕೇ ಬೇಕಾ? ಸೀರೆ ನಡೆಯುತ್ತಾ?

ಕಿಮೊನೊ ಬೇಕಿಲ್ಲ. ಸೀರೆ ಚೆನ್ನಾಗಿಯೇ ನಡೆಯುತ್ತದೆ. ನೆಲದ ಮೇಲೆ ಕೂರುವುದಕ್ಕೆ ಪ್ಯಾಂಟಿಗಿಂತ ಸೀರೆಯೇ ಮೇಲು ಎಂದು ನನ್ನ ಅನಿಸಿಕೆ. ಸೆರಗನ್ನು ಮಾತ್ರ ಪಿನ್ ಮಾಡಿಕೊಳ್ಳಿ. ಬಗ್ಗಿದಾಗ ಜಾರಿ ಬಟ್ಟಲಿಗೆ ತಾಗಬಾರದು. ಗಂಡಸರಿಗೆ ಸಾದಾ ಶರ್ಟು, ಸಡಿಲವಾದ ಪ್ಯಾಂಟು ಸಾಕು. ಜೀನ್ಸ್, ಗಿಡ್ಡ ಸ್ಕರ್ಟ್ ಬೇಡ.

ಒಡವೆ ವಿಷಯ ಮುಖ್ಯ. ಉಂಗುರ, ಬಳೆ, ಕೈಗಡಿಯಾರ ತೆಗೆದಿಡಿ. ನಿಮ್ಮ ಕೈಗೆ ಬರುವ ಬಟ್ಟಲು 300–400 ವರ್ಷ ಹಳೆಯದಾಗಿರಬಹುದು. ಲೋಹ ತಾಗಿದರೆ ಗೀರು ಬೀಳುತ್ತದೆ. ಗಾಜಿನ ಬಳೆ ಆ ಮೌನದಲ್ಲಿ ಸದ್ದೂ ಮಾಡುತ್ತದೆ. ಮಾಂಗಲ್ಯ ತೆಗೆಯಬೇಕಾ ಎಂದು ತುಂಬ ಜನ ಅಳುಕುತ್ತಾ ಕೇಳುತ್ತಾರೆ. ಬೇಡ. ಒಳಗೆ ಸೇರಿಸಿಕೊಂಡರೆ ಸಾಕು, ನೇತಾಡದಿದ್ದರೆ ಆಯಿತು.

ಸೆಂಟು ಹಾಕಬೇಡಿ. ಮಲ್ಲಿಗೆಯನ್ನೂ ಮುಡಿಯಬೇಡಿ. ಹೇಳುವುದಕ್ಕೆ ನನಗೇ ಬೇಜಾರು, ಆದರೆ ಕಾರಣ ಇದೆ. ಕೆಂಡದ ಪಕ್ಕ ಚೂರೇ ಚೂರು ಧೂಪದ್ರವ್ಯ ಇಟ್ಟಿರುತ್ತಾರೆ. ಆ ಕಂಪು ಕೋಣೆಯನ್ನು ಮೆಲ್ಲಗೆ ತುಂಬಬೇಕು. ಅದಕ್ಕೇ ಘಾಟು ಪರಿಮಳದ ಹೂವನ್ನು ಕೂಟ ನಡೆಸುವ ಮನೆಯವರೂ ಚಹಾ ಕೋಣೆಯಲ್ಲಿ ಇಡುವುದಿಲ್ಲ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಹೋದರೆ ಆ ಕಂಪು ನಿಮಗೆ ಥಟ್ಟನೆ ಗುರುತು ಸಿಗುತ್ತದೆ. ಬೇಸಿಗೆಯ ಒಲೆಗೆ ಹಾಕುವುದು 'ಬ್ಯಾಕುದಾನ್', ಅಂದರೆ ನಮ್ಮ ಶ್ರೀಗಂಧ. ಜಪಾನಿನ ಧೂಪದವರು ಬಹುಕಾಲದಿಂದ ಮೇಲ್ದರ್ಜೆಯದು ಎಂದು ಎಣಿಸಿರುವ ಗಂಧ ಭಾರತದ್ದೇ. ಅಷ್ಟು ದೂರದ ಊರಿನ ಪುಟ್ಟ ಕೋಣೆಯಲ್ಲಿ ಮೊದಲ ಸಲ ಆ ವಾಸನೆ ಬಂದಾಗ ನನ್ನ ಗಂಟಲು ಕಟ್ಟಿತ್ತು.

ಕೈಯಲ್ಲಿ ಏನೇನು ತೆಗೆದುಕೊಂಡು ಹೋಗಬೇಕು?

ಬಿಳಿ ಸಾಕ್ಸ್ ಒಂದು ಜೊತೆ. ಹಾಕಿಕೊಂಡು ಬಂದ ಸಾಕ್ಸನ್ನು ಬಾಗಿಲ ಹತ್ತಿರ ಬಿಚ್ಚಿ ಇದನ್ನು ತೊಡಬೇಕು. ನಾವು ಕಾಲು ತೊಳೆದು ಮನೆಯೊಳಗೆ ಹೋಗುತ್ತೇವಲ್ಲ, ಹಾಗೆ. ಜೊತೆಗೆ 'ಕಾಯ್ಶಿ' ಎನ್ನುವ ಮಡಿಸಿದ ಕಾಗದದ ಕಟ್ಟು, ಸಿಹಿ ಕತ್ತರಿಸಲು 'ಕುರೊಮೊಜಿ' ಎನ್ನುವ ಸಣ್ಣ ಕಡ್ಡಿ, ಮತ್ತು ಪುಟ್ಟ ಬೀಸಣಿಗೆ. ಬೀಸಣಿಗೆ ಗಾಳಿ ಹಾಕಿಕೊಳ್ಳಲು ಅಲ್ಲ, ಅದನ್ನು ಬಿಡಿಸುವುದೇ ಇಲ್ಲ. ನಮಸ್ಕರಿಸುವಾಗ ಮಂಡಿಯ ಮುಂದೆ ಅಡ್ಡವಾಗಿ ಇಡುತ್ತೀರಿ. ಎದುರಿಗಿರುವವರನ್ನು ಗೌರವದಿಂದ ಕಾಣುತ್ತೇನೆ ಎನ್ನುವ ಗೆರೆ ಅದು. ನಿಮ್ಮ ಹತ್ತಿರ ಇವೆಲ್ಲ ಇಲ್ಲದಿದ್ದರೆ ಮೊದಲೇ ಹೇಳಿ, ಕರೆದವರೇ ಕೊಡುತ್ತಾರೆ. ಕರವಸ್ತ್ರ ಮರೆಯಬೇಡಿ.

ಎಷ್ಟು ಹೊತ್ತಿಗೆ ಹೋಗಬೇಕು?

ಹೇಳಿದ ಸಮಯಕ್ಕೆ 15 ನಿಮಿಷ ಮೊದಲು. ಅರ್ಧ ಗಂಟೆ ಮೊದಲು ಹೋದರೆ ಮನೆಯವರಿಗೆ ತೊಂದರೆ. ತಡವಾದರಂತೂ ಉಳಿದ ಅತಿಥಿಗಳೆಲ್ಲ ನಿಮಗಾಗಿ ಕಾಯಬೇಕು. ಕೆಂಡ, ನೀರಿನ ಕಾವು ಎಲ್ಲವೂ ಆ ಹೊತ್ತಿಗೆ ಹದ ಮಾಡಿದ್ದು.

ತೋಟದಲ್ಲಿ ಹಗ್ಗ ಕಟ್ಟಿದ ಒಂದು ಕಲ್ಲು ಕಂಡಿತು. ಅದೇನು? ಒಳಗೆ ಹೋಗುವ ಕ್ರಮ ಹೇಗೆ?

ಮುಷ್ಟಿಗಿಂತ ಸ್ವಲ್ಪ ದೊಡ್ಡ ಕಲ್ಲಿಗೆ ಕಪ್ಪು ಹಗ್ಗ ಸುತ್ತಿ ದಾರಿಯ ಮೇಲೆ ಇಟ್ಟಿದ್ದರೆ, ಆ ಕಡೆ ಹೋಗಬೇಡಿ ಎಂದು ಅರ್ಥ. ಬೋರ್ಡು ಇಲ್ಲ, ಬೇಲಿ ಇಲ್ಲ. ಕಲ್ಲಿಲ್ಲದ ದಾರಿ ಹಿಡಿಯಿರಿ.

ಮುಂದೆ ಕೆಳಮಟ್ಟದ ಕಲ್ಲಿನ ತೊಟ್ಟಿ ಸಿಗುತ್ತದೆ. ಹೆಸರು 'ತ್ಸುಕುಬಾಯ್'. ಕುಕ್ಕರುಗಾಲಲ್ಲಿ ಕೂತೇ ತೊಳೆದುಕೊಳ್ಳಬೇಕು, ಹೆಸರು ಬಂದಿದ್ದೂ ಅದರಿಂದಲೇ. ಬಿದಿರಿನ ಸೌಟಿನಲ್ಲಿ ಒಂದೇ ಸಲ ನೀರು ತುಂಬಿಕೊಂಡು ಎಡಗೈ, ಆಮೇಲೆ ಬಲಗೈ ತೊಳೆಯಿರಿ. ಸ್ವಲ್ಪ ನೀರನ್ನು ಎಡ ಅಂಗೈಗೆ ಹಾಕಿಕೊಂಡು ಬಾಯಿ ಮುಕ್ಕಳಿಸಿ. ಕೊನೆಗೆ ಸೌಟನ್ನು ನೆಟ್ಟಗೆ ಎತ್ತಿ ಉಳಿದ ನೀರು ಹಿಡಿಯ ಮೇಲೆ ಹರಿಯುವಂತೆ ಮಾಡಿ. ನೀವು ಮುಟ್ಟಿದ ಹಿಡಿ ಮುಂದಿನವರಿಗೆ ತೊಳೆದೇ ಸಿಗುತ್ತದೆ. ನೋಡಿ, ಇಲ್ಲೇ ಜೊತೆಯವರ ಲೆಕ್ಕ ಶುರುವಾಯಿತು.

ಬಾಗಿಲು ಪುಟ್ಟದು, 'ನಿಜಿರಿಗುಚಿ'. ಎತ್ತರ ಸುಮಾರು 66 ಸೆಂ.ಮೀ., ಅಗಲ ಅದಕ್ಕಿಂತ ತುಸು ಕಡಿಮೆ. ಮಂಡಿಯೂರಿ, ತಲೆ ತಗ್ಗಿಸಿ, ಮುಷ್ಟಿಗಳನ್ನು ಊರಿಕೊಂಡು ಜಾರುತ್ತಾ ಒಳಗೆ ಹೋಗಬೇಕು. ಸಮುರಾಯ್‌ಗಳು ಕತ್ತಿಯನ್ನು ಹೊರಗೇ ಇಟ್ಟು ಹೀಗೇ ಹೋಗುತ್ತಿದ್ದರು. ರಿಕ್ಯೂ ಕಟ್ಟಿದ್ದೆಂದು ನಂಬಲಾದ 'ತಾಯ್‌ಆನ್' ಎಂಬ ಕೋಣೆ ಕ್ಯೋಟೊ ಹತ್ತಿರದ ಯಾಮಾಜಾಕಿಯಲ್ಲಿ ಇನ್ನೂ ಇದೆ. ಬರೀ ಎರಡು ಚಾಪೆಯಷ್ಟು ಜಾಗ. ಒಳಗೆ ಹೋದ ಮೇಲೆ ಹಿಂದೆ ತಿರುಗಿ ನಿಮ್ಮ ಚಪ್ಪಲಿ ತೆಗೆದು ಗೋಡೆಗೆ ಒರಗಿಸಿಡಿ, ಹಿಂದಿನವರಿಗೆ ಜಾಗ ಬೇಕಲ್ವಾ. ಕೊನೆಯವರು ಬಾಗಿಲನ್ನು ಸಣ್ಣಗೆ 'ಟಪ್' ಎನ್ನುವಂತೆ ಮುಚ್ಚುತ್ತಾರೆ. ಎಲ್ಲರೂ ಬಂದರು ಎಂದು ಒಳಮನೆಯಲ್ಲಿರುವವರಿಗೆ ಆ ಸದ್ದಿನಿಂದ ಗೊತ್ತಾಗುತ್ತದೆ.

ದೊಡ್ಡ ಸಭಾಂಗಣದ ಚಾಕಾಯ್‌ನಲ್ಲಿ ಇದ್ಯಾವುದೂ ಇರದೆ ಮಾಮೂಲಿ ಬಾಗಿಲಿಂದಲೇ ಹೋಗಬಹುದು. ಅಲ್ಲೂ ಹೊಸ್ತಿಲು ತುಳಿಯಬೇಡಿ. ಇದು ನಮಗೆ ಹೇಳಿಕೊಡಬೇಕಾಗಿಲ್ಲ. ಚಾಪೆಯ ಬಟ್ಟೆಯಂಚನ್ನೂ ತುಳಿಯಬಾರದು.

ಎಲ್ಲಿ ಕೂರಬೇಕು?

ನಡುವೆ. ಇದು ಹೊಸಬರಿಗೆ ನಾನು ಕೊಡುವ ಅತಿ ಮುಖ್ಯ ಸಲಹೆ. ಚಿತ್ರ ನೇತುಹಾಕಿದ ಗೂಡು (ತೊಕೊನೊಮಾ) ಇರುವ ಕಡೆಯ ಮೊದಲ ಜಾಗ 'ಶೋಕ್ಯಾಕು' ಎನ್ನುವ ಮುಖ್ಯ ಅತಿಥಿಯದು. ಎಲ್ಲರ ಪರವಾಗಿ ಮನೆಯವರೊಂದಿಗೆ ಮಾತಾಡುವ ಹೊಣೆ ಅವರದು. ಕೊನೆಯ ಜಾಗ 'ತ್ಸುಮೆ'. ಖಾಲಿ ಪಾತ್ರೆ ಹಿಂದಿರುಗಿಸುವುದು, ಬಾಗಿಲು ಮುಚ್ಚುವುದು ಅವರ ಕೆಲಸ. ಎರಡಕ್ಕೂ ಅನುಭವ ಬೇಕು. ಪರದೇಶದವರು ಎಂದು ಪ್ರೀತಿಯಿಂದ ನಿಮ್ಮನ್ನು ಮೊದಲ ಜಾಗಕ್ಕೆ ಕರೆಯಬಹುದು. ನಗುತ್ತಾ ಬೇಡ ಎನ್ನಿ. ನಡುವೆ ಕೂತರೆ ಪಕ್ಕದವರನ್ನು ನೋಡಿಕೊಂಡು ಎಲ್ಲವನ್ನೂ ಮಾಡಬಹುದು.

ಕೂರುವ ಮೊದಲು ತೊಕೊನೊಮಾ ಮುಂದೆ ಮಂಡಿಯೂರಿ, ಬೀಸಣಿಗೆ ಮುಂದಿಟ್ಟು ನಮಸ್ಕರಿಸಿ. ಅಲ್ಲಿ ತೂಗುಹಾಕಿದ ಬರಹ, ಒಂದೋ ಎರಡೋ ಹೂವು ನೋಡಿ. ಆ ದಿನದ ಕೂಟ ಯಾವುದರ ಬಗ್ಗೆ ಎನ್ನುವುದನ್ನು ಮನೆಯವರು ಅಲ್ಲಿ ಹೇಳಿರುತ್ತಾರೆ. ಓದಲು ಬಾರದಿದ್ದರೂ ಪರವಾಗಿಲ್ಲ, ಅರ್ಥ ಏನೆಂದು ಮುಖ್ಯ ಅತಿಥಿ ಕೇಳಿಯೇ ಕೇಳುತ್ತಾರೆ.

ಮಂಡಿ ನೋವು ಇದೆ. ಅಷ್ಟು ಹೊತ್ತು ಕೂರಲು ಆಗುತ್ತಾ?

ಕೂರುವ ಭಂಗಿ 'ಸೇಜಾ'. ಹೆಚ್ಚುಕಡಿಮೆ ನಮ್ಮ ವಜ್ರಾಸನ. ಹತ್ತು ನಿಮಿಷಕ್ಕೆ ಕಾಲು ಜೋಮು ಹಿಡಿಯುತ್ತದೆ, ಜಪಾನೀಯರಿಗೂ ಹಿಡಿಯುತ್ತದೆ. ಕಾಲಿನ ಹೆಬ್ಬೆರಳುಗಳನ್ನು ಆಗಾಗ ಮೇಲೆ ಕೆಳಗೆ ಮಾಡಿಕೊಳ್ಳಿ. ತೀರಾ ಆಗದಿದ್ದರೆ ಪಕ್ಕದವರಿಗೆ ತಲೆಬಾಗಿ ಒಂದು ಮಾತು ಹೇಳಿ ಕಾಲು ಬದಲಿಸಿ, ಯಾರೂ ತಪ್ಪು ತಿಳಿಯುವುದಿಲ್ಲ. ಕಾಲನ್ನು ಮುಂದೆ ಚಾಚುವುದು ಮಾತ್ರ ಬೇಡ. ಏಳುವ ಮುನ್ನ ಬೆರಳುಗಳ ಮೇಲೆ ಕೂತು ರಕ್ತ ಓಡಾಡಲು ಬಿಡಿ. ಜೋಮು ಹಿಡಿದ ಕಾಲಲ್ಲಿ ತಟ್ಟನೆ ಎದ್ದರೆ ಬೀಳುತ್ತೀರಿ, ಅದೂ ಬಟ್ಟಲುಗಳ ನಡುವೆ.

ಮಂಡಿ ಚಿಕಿತ್ಸೆ ಆಗಿರುವವರು, ವಯಸ್ಸಾದವರು ಮೊದಲೇ ತಿಳಿಸಿ. ಕುರ್ಚಿ ಮೇಜಿನ ಪದ್ಧತಿಯೂ ಇದೆ, 'ರ್‍ಯೂರೇ' ಅಂತ. 1872ರಲ್ಲಿ ಕ್ಯೋಟೊದಲ್ಲಿ ನಡೆದ ವಸ್ತುಪ್ರದರ್ಶನಕ್ಕೆ ಹೊರದೇಶದವರು ಬರುತ್ತಾರೆಂದು ಉರಾಸೆಂಕೆಯ 11ನೇ ಗುರು ಗೆನ್‌ಗೆನ್‌ಸಾಯ್ ಅದನ್ನು ರೂಪಿಸಿದರು. ಅದು ಕಡಿಮೆ ದರ್ಜೆಯದ್ದೇನಲ್ಲ. ನಮ್ಮ ಅಮ್ಮ ಬಂದಾಗ ನಾನು ಅಲ್ಲಿಗೇ ಕರೆದುಕೊಂಡು ಹೋಗಿದ್ದೆ.

ಸಿಹಿ ಮೊದಲಾ, ಚಹಾ ಮೊದಲಾ?

ಸಿಹಿ. ಚಹಾ ಬರುವಷ್ಟರಲ್ಲಿ ಅದು ಮುಗಿದಿರಬೇಕು. ಚಹಾಕ್ಕೆ ಸಕ್ಕರೆ, ಹಾಲು ಇಲ್ಲ. ಬಾಯಲ್ಲಿ ಉಳಿದ ಸಿಹಿಯೇ ಆ ಕಹಿಯನ್ನು ಹಿಡಿದುಕೊಳ್ಳುತ್ತದೆ.

ಸಿಹಿಯ ಪಾತ್ರೆ ನಿಮ್ಮ ಹತ್ತಿರ ಬಂದಾಗ ಮುಂದಿನವರ ಕಡೆ ತಿರುಗಿ, ಬಾಗಿ, 'ಒಸಾಕಿ ನಿ' ಎನ್ನಿ. ನಿಮಗಿಂತ ಮೊದಲು ತೆಗೆದುಕೊಳ್ಳುತ್ತಿದ್ದೇನೆ ಎಂದು ಅರ್ಥ. ಪಾತ್ರೆಯನ್ನು ಎರಡೂ ಕೈಯಲ್ಲಿ ಸ್ವಲ್ಪ ಎತ್ತಿ ಕಣ್ಣಿಗೆ ಒತ್ತಿಕೊಂಡಂತೆ ತಲೆ ಬಾಗಿಸಿ. ಕಾಯ್ಶಿಯ ಮಡಿಕೆ ನಿಮ್ಮ ಕಡೆ ಇರುವಂತೆ ಮಂಡಿಯ ಮುಂದಿಟ್ಟು, ಪಾತ್ರೆಯ ಜೊತೆ ಬಂದ ಕಡ್ಡಿಗಳಿಂದ ಒಂದು ಸಿಹಿಯನ್ನು ಅದರ ಮೇಲೆ ಇಟ್ಟುಕೊಳ್ಳಿ. ಕಡ್ಡಿಯ ತುದಿಯನ್ನು ಕಾಯ್ಶಿಯ ಮೂಲೆಗೆ ಒರೆಸಿ ಪಾತ್ರೆ ದಾಟಿಸಿ. ಚೆಂದದ್ದನ್ನು ಹುಡುಕಿ ಆರಿಸಬೇಡಿ. ಒಣ ಸಿಹಿಯಾದರೆ ಕೈಯಲ್ಲೇ ತೆಗೆದುಕೊಳ್ಳಬಹುದು. ತಿನ್ನಲು ಆಗದಿದ್ದರೆ ಅಲ್ಲೇ ಬಿಡಬೇಡಿ, ಕಾಯ್ಶಿಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಳ್ಳಿ.

ಬಟ್ಟಲನ್ನು ಯಾಕೆ ತಿರುಗಿಸುತ್ತಾರೆ? ಹೇಗೆ ಕುಡಿಯಬೇಕು?

ಬಟ್ಟಲಿಗೆ ಒಂದು ಮುಖ ಇರುತ್ತದೆ. ಚಿತ್ರವೋ, ಬೆಂಕಿ ಬಿಟ್ಟ ಬಣ್ಣವೋ ಚೆಂದ ಕಾಣುವ ಕಡೆ. ಮನೆಯವರು ಆ ಮುಖವನ್ನು ನಿಮಗೆ ತೋರುವಂತೆ ಇಡುತ್ತಾರೆ. ಅದಕ್ಕೇ ಬಾಯಿ ಹಚ್ಚುವುದು ಬೇಡ ಎಂದು ನೀವು ತಿರುಗಿಸುತ್ತೀರಿ. ಅಷ್ಟೇ ಕಾರಣ.

ಬಟ್ಟಲು ಬಂದಾಗ ಮೊದಲು ಕುಡಿದವರ ಕಡೆ ಬಾಗಿ 'ಒಶೋಬಾನ್ ಇತಾಶಿಮಾಸು' (ನಿಮ್ಮ ಜೊತೆ ನಾನೂ ಸೇರಿಕೊಳ್ಳುತ್ತೇನೆ), ಮುಂದಿನವರಿಗೆ 'ಒಸಾಕಿ ನಿ', ಆಮೇಲೆ ಚಹಾ ಮಾಡಿದವರಿಗೆ 'ಒತೆಮಾಏ ಚೋದಾಯ್ ಇತಾಶಿಮಾಸು' (ನೀವು ಮಾಡಿದ ಚಹಾ ಸ್ವೀಕರಿಸುತ್ತೇನೆ) ಎನ್ನಿ. ಮೂರೂ ನೆನಪಿರದಿದ್ದರೆ ನಡುವಿನದೊಂದನ್ನು ಹೇಳಿ, ಉಳಿದವರಿಗೆ ಸುಮ್ನೆ ಬಾಗಿ. ಬಟ್ಟಲನ್ನು ಎಡ ಅಂಗೈ ಮೇಲಿಟ್ಟು ಬಲಗೈ ಆಸರೆ ಕೊಡಿ. ಎಡಗೈ ಎಂದು ನಮ್ಮವರು ಹಿಂಜರಿಯುತ್ತಾರೆ. ಇಲ್ಲಿ ಎಡಗೈ ಭಾರ ಹೊರುತ್ತದೆ, ಕೆಲಸವೆಲ್ಲ ಬಲಗೈಯದೇ. ತುಸು ಎತ್ತಿ ವಂದಿಸಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಎರಡು ಸಲ ಸ್ವಲ್ಪ ಸ್ವಲ್ಪ ತಿರುಗಿಸಿ. ಮೂರೂವರೆ ಗುಟುಕಿನಲ್ಲಿ ಮುಗಿಸುವುದು ರೂಢಿ, ಎಣಿಸುವವರು ಯಾರೂ ಇಲ್ಲ. ಕೊನೆಯ ಗುಟುಕನ್ನು ಸೊರ್ ಎಂದು ಸದ್ದು ಮಾಡಿ ಹೀರಬೇಕು. ಅದು ಅಸಭ್ಯವಲ್ಲ. ಕೊನೆಯ ಹನಿಯವರೆಗೂ ಕುಡಿದೆ ಎಂದು ಮನೆಯವರಿಗೆ ಅದರಿಂದ ತಿಳಿಯುತ್ತದೆ. ತುಟಿ ತಾಗಿದ ಕಡೆ ಬೆರಳಿನಿಂದ ಒರೆಸಿ, ಬೆರಳನ್ನು ಕಾಯ್ಶಿಗೆ ಒರೆಸಿ, ಬಟ್ಟಲನ್ನು ಹಿಂದಕ್ಕೆ ತಿರುಗಿಸಿ ಕೆಳಗಿಡಿ.

ಈಗ ನೋಡುವ ಹೊತ್ತು. ಎರಡು ಕೈ ಊರಿ, ಬಗ್ಗಿ ಮೊದಲು ಇಡೀ ಬಟ್ಟಲನ್ನು ನೋಡಿ. ಆಮೇಲೆ ಮೊಣಕೈಗಳನ್ನು ತೊಡೆಗೆ ಆನಿಸಿಕೊಂಡು ನೆಲಕ್ಕೆ ಹತ್ತಿರದಲ್ಲೇ ಕೈಗೆತ್ತಿಕೊಳ್ಳಿ. ಕೈತಪ್ಪಿದರೂ ಒಡೆಯಬಾರದು ಎಂದು ಇಷ್ಟು ತಗ್ಗಿನಲ್ಲಿ. ಈ ಹೊತ್ತನ್ನು ಅವಸರದಲ್ಲಿ ಕಳೆಯಬೇಡಿ. ಮಾಡಿದವರ ಬೆರಳ ಗುರುತು, ತಳದ ಬಳೆಯ ಮಣ್ಣು, ಇನ್ನೂ ಉಳಿದ ಬಿಸಿ, ಎಲ್ಲ ಕೈಗೆ ಸಿಗುತ್ತದೆ.

ಒಂದೇ ಬಟ್ಟಲಿನಿಂದ ಎಲ್ಲರೂ ಕುಡಿಯುತ್ತಾರಂತೆ. ಎಂಜಲು ಅಲ್ವಾ?

ನಮ್ಮವರು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಲೋಟವನ್ನೂ ತುಟಿಗೆ ತಾಗಿಸದೆ ಎತ್ತಿ ಕುಡಿಯುವ ಮನೆಗಳಿಂದ ಬಂದವರಿಗೆ ಇದು ಸಣ್ಣ ವಿಷಯವಲ್ಲ.

ಹಂಚಿ ಕುಡಿಯುವುದು ಗಟ್ಟಿ ಚಹಾ, ಕೋಯ್ಚಾ ಮಾತ್ರ. ರಾಗಿ ಅಂಬಲಿಯಷ್ಟು ಮಂದ. ಒಬ್ಬೊಬ್ಬರಿಗೆ 4 ಗ್ರಾಂ ಹತ್ತಿರ ಪುಡಿ ಹಾಕಿ, ನೊರೆ ಎಬ್ಬಿಸದೆ ಕಲಸುತ್ತಾರೆ. ಮುಖ್ಯ ಅತಿಥಿ ಒಂದು ಗುಟುಕು ಕುಡಿದಾಗ ಮನೆಯವರು ಹದ ಹೇಗಿದೆ ಎಂದು ಕೇಳುತ್ತಾರೆ. ಅವರು ತಮ್ಮ ಪಾಲು ಕುಡಿದು, ಅಂಚನ್ನು ಒದ್ದೆ ಬಟ್ಟೆಯಿಂದಲೋ ಕಾಗದದಿಂದಲೋ ಒರೆಸಿ ಮುಂದಿನವರಿಗೆ ಕೊಡುತ್ತಾರೆ. ಕೊನೆಯವರಿಗೆ ಸಾಕಷ್ಟು ಉಳಿಸುವುದು ಎಲ್ಲರ ಹೊಣೆ.

ತೆಳು ಚಹಾ ಒಬ್ಬೊಬ್ಬರಿಗೂ ಬೇರೆಯಾಗಿಯೇ ಮಾಡುತ್ತಾರೆ. ಆದರೆ ಚಿಕ್ಕ ಕೂಟದಲ್ಲಿ ಅದೇ ಬಟ್ಟಲನ್ನು ನಿಮ್ಮ ಕಣ್ಣೆದುರೇ ಬಿಸಿನೀರಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ ಇನ್ನೊಬ್ಬರಿಗೆ ಬಳಸಬಹುದು. ಇದು ಮೊದಲೇ ಗೊತ್ತಿರಲಿ.

ಹಂಚಿ ಕುಡಿಯುವುದು ನಿಮಗೆ ಆಗದು ಎಂದಾದರೆ ಕರೆ ಒಪ್ಪುವಾಗಲೇ ಹೇಳಿ. ಒಬ್ಬೊಬ್ಬರಿಗೂ ಬೇರೆ ಬಟ್ಟಲಲ್ಲಿ ಕೋಯ್ಚಾ ಮಾಡುವ ಕ್ರಮವನ್ನು ಉರಾಸೆಂಕೆಯ 13ನೇ ಗುರು ಎನ್ನೋಸಾಯ್ ನೂರಕ್ಕೂ ಹೆಚ್ಚು ವರ್ಷದ ಹಿಂದೆಯೇ ರೂಪಿಸಿದ್ದರು. ಕೊರೊನಾ ಬಂದ ಮೇಲೆ ಅದು ತುಂಬ ಕಡೆ ಬಳಕೆಗೆ ಬಂತು. ಅಂದರೆ ನಿಮ್ಮ ಕೋರಿಕೆ ಅವರಿಗೆ ಹೊಸದೇನಲ್ಲ. ಬಟ್ಟಲು ಕೈಗೆ ಬಂದ ಮೇಲೆ ಬೇಡ ಎನ್ನುವುದು ಮಾತ್ರ ನೋವು ಕೊಡುತ್ತದೆ. ನಾನು ಹಂಚಿ ಕುಡಿಯುತ್ತೇನೆ. ಮೊದಲ ಸಲ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಾಯಿತು. ಈಗ ಆ ಬಟ್ಟಲು ಪಕ್ಕದವರ ಕೈಯಿಂದ ನನ್ನ ಕೈಗೆ ಬರುವ ಗಳಿಗೆಯೇ ಇಡೀ ಕೂಟದಲ್ಲಿ ನನಗೆ ಹೆಚ್ಚು ಇಷ್ಟ.

ನಾವು ಸಸ್ಯಾಹಾರಿಗಳು. ಏನು ತಿನ್ನಬಹುದು?

ಚಹಾ ಬರೀ ಎಲೆಯ ಪುಡಿ. ಸಿಹಿಗಳು ಹೆಚ್ಚಾಗಿ ಕಾಳಿನ ಹೂರಣ, ಅಕ್ಕಿ ಹಿಟ್ಟು, ಸಕ್ಕರೆ, ಕಡಲಪಾಚಿಯಿಂದ ತೆಗೆದ ಅಗರ್. ಆದರೆ ಕೆಲವಕ್ಕೆ ಮೊಟ್ಟೆ ಹಾಕುತ್ತಾರೆ. ಹೂರಣ ತುಂಬಿ ಹಬೆಯಲ್ಲಿ ಬೇಯಿಸುವ ಕೆಲವು ಮಂಜೂಗಳ ಹೊರಪದರದಲ್ಲಿ ಗೆಣಸಿನ ಜಾತಿಯ ಗಡ್ಡೆ ಇರುತ್ತದೆ, ಜೈನರು ಕೇಳಿ ತಿಳಿದುಕೊಳ್ಳಿ.

ಎಚ್ಚರ ಬೇಕಿರುವುದು ಚಾಜಿಯ ಊಟದಲ್ಲಿ. ಬರೀ ತರಕಾರಿಯ ಸಾರಿನಂತೆ ಕಂಡರೂ ಅದರ ತಳ ಒಣ ಬೊನಿಟೊ ಮೀನಿನ ರಸ (ದಾಶಿ). 'ವೆಜಿಟೇರಿಯನ್' ಎಂದಷ್ಟೇ ಹೇಳಿದರೆ ಮೀನಿನ ತುಂಡು ಬಿಡುತ್ತಾರೆ, ರಸ ಉಳಿಯುತ್ತದೆ. 'ಮೀನಿನ ದಾಶಿಯೂ ಬೇಡ' ಎಂದು ಬಿಡಿಸಿ ಹೇಳಿ, ಅದೂ ಹತ್ತು ದಿನ ಮೊದಲು. ಕೊಂಬು ಎಂಬ ಕಡಲಪಾಚಿ ಮತ್ತು ಅಣಬೆಯಿಂದ ರಸ ತೆಗೆಯುವ ಮಠದ ಅಡುಗೆ ಅಲ್ಲಿ ಎಲ್ಲರಿಗೂ ಗೊತ್ತು. ಊಟದ ಜೊತೆ ಸಾಕೆ (ಅಕ್ಕಿಯ ಮದ್ಯ) ಕೊಡುತ್ತಾರೆ, ಕುಡಿಯುವುದಿಲ್ಲ ಎಂದರೆ ಒತ್ತಾಯ ಇಲ್ಲ.

ಏನು ಮಾತಾಡಬಹುದು?

ಚಹಾ ಕಲಸುತ್ತಿರುವಾಗ ಸುಮ್ಮನಿರಿ. ಕೆಟಲಿನ ನೀರು ಕುದಿಯುವ ಸದ್ದನ್ನು ಅವರು ಪೈನ್ ಮರಗಳ ಗಾಳಿ ಎನ್ನುತ್ತಾರೆ, ಅದನ್ನು ಕೇಳಿ. ಬಟ್ಟಲು ಎಲ್ಲಿಯದು, ಬಿದಿರಿನ ಚಮಚಕ್ಕೆ ಹೆಸರೇನು ಎಂದು ಮುಖ್ಯ ಅತಿಥಿ ಕೇಳುತ್ತಾರೆ. ಹೌದು, ಒಂದೊಂದು ಚಮಚಕ್ಕೂ ಹೆಸರಿರುತ್ತದೆ. ನಿಮಗೆ ಏನಾದರೂ ತಿಳಿಯಬೇಕಿದ್ದರೆ ಅವರ ಮಾತು ಮುಗಿದ ಮೇಲೆ ಕೇಳಿ. ಇನ್ನು ಸಾಕು, ಮುಗಿಸಿ ಎಂದು ಹೇಳುವುದೂ ಅವರೇ.

ಏನು ಮಾತಾಡಬಾರದು ಎನ್ನುವುದಕ್ಕೆ ಹಳೆಯ ಪದ್ಯವೇ ಇದೆ. ನನ್ನ ದೇವರು, ನೆರೆಮನೆಯವರ ಸಿರಿ, ಅಳಿಯ-ಮಾವನ ವಿಷಯ, ನಾಡಿನ ಯುದ್ಧ, ಜನರ ಒಳ್ಳೆಯದು ಕೆಟ್ಟದ್ದು, ಇಷ್ಟನ್ನು ಹೊರಗೆ ಬಿಟ್ಟು ಬನ್ನಿ ಎನ್ನುತ್ತದೆ ಅದು. ರಿಕ್ಯೂ ಕಾಲದಲ್ಲೇ ಬಳಕೆಯಲ್ಲಿತ್ತು.

ಫೋಟೊ ತೆಗೆಯಬಹುದಾ?

ನಡೆಯುತ್ತಿರುವಾಗ ಬೇಡ. ಫೋನ್ ಆಫ್ ಮಾಡಿ ಚೀಲದಲ್ಲಿಡಿ. ಎಲ್ಲ ಮುಗಿದ ಮೇಲೆ ಕೇಳಿದರೆ ಎಷ್ಟೋ ಸಲ ಒಪ್ಪುತ್ತಾರೆ.

ತಪ್ಪಾದರೆ?

'ಶಿತ್ಸುರೇ ಶಿಮಾಶಿತಾ' (ಕ್ಷಮಿಸಿ) ಎಂದು ಬಾಗಿ ಮುಂದುವರಿಯಿರಿ. ಬಟ್ಟಲು ಎಡಕ್ಕೆ ತಿರುಗಿಸಿದ್ದು ಯಾರಿಗೂ ನೆನಪಿರುವುದಿಲ್ಲ. ಪಕ್ಕದವರನ್ನು ದಾಟಿ ಕೈ ಚಾಚಿದ್ದು, ಹೂವನ್ನು ಮುಟ್ಟಿದ್ದು ನೆನಪಿರುತ್ತದೆ.

ಭಯ ಜಾಸ್ತಿ ಇದ್ದರೆ ಮೊದಲು ಸಾರ್ವಜನಿಕ ಚಹಾ ಮನೆಗೆ ಹೋಗಿ ಬನ್ನಿ. ಟೋಕಿಯೊದ ಹಾಮಾರಿಕ್ಯೂ ಉದ್ಯಾನದ ಕೊಳದ ನಡುವಿನ ಚಹಾ ಮನೆ, ಕಾನಾಜಾವಾದ ಕೆನ್‌ರೋಕುಎನ್ ತೋಟದ ಶಿಗುರೆತೇ, ಉಜಿ ಊರಿನ ತಾಯ್‌ಹೋಆನ್, ಇಲ್ಲೆಲ್ಲ ಟಿಕೆಟ್ ಕೊಂಡು ಕೂತು ಒಂದು ಬಟ್ಟಲು ಮಾಚಾ (ಪುಡಿ ಚಹಾ) ಕುಡಿಯಬಹುದು.

ದುಡ್ಡು ಕೊಡಬೇಕಾ? ಉಡುಗೊರೆ?

ಚಾಕಾಯ್‌ಗೆ ಟಿಕೆಟ್ ಇರುತ್ತದೆ ಅಥವಾ ಮೊದಲೇ ಹಣ ಹೇಳಿರುತ್ತಾರೆ. ಹೊಸ ನೋಟನ್ನು ಲಕೋಟೆಯಲ್ಲಿಟ್ಟು ಕೊಡಿ. ಬರಿಗೈಯಲ್ಲಿ ನೋಟು ಕೊಡುವುದಿಲ್ಲ. ಒಳಮನೆಯಲ್ಲಿ ಬಟ್ಟಲು ತೊಳೆಯುತ್ತಾ, ಚಹಾ ಜರಡಿ ಹಿಡಿಯುತ್ತಾ ದುಡಿಯುವವರಿಗೆ ಹಂಚಿಕೊಳ್ಳುವಂಥ ತಿಂಡಿಯ ಪೊಟ್ಟಣ ಒಯ್ಯುವ ರೂಢಿಯೂ ಇದೆ. ನಾನು ಊರಿಂದ ಬಂದ ಗೋಡಂಬಿ ಕೊಟ್ಟಿದ್ದೆ, ಖುಷಿಯಿಂದ ತೆಗೆದುಕೊಂಡರು.

ಮುಗಿದ ಮೇಲೆ ಏನು ಮಾಡಬೇಕು?

ಹೊರಡುವ ಮುನ್ನ ತೊಕೊನೊಮಾ ಮತ್ತು ಒಲೆಯನ್ನು ಇನ್ನೊಮ್ಮೆ ನೋಡಿ ಬನ್ನಿ. ಚಾಜಿಯಲ್ಲಾದರೆ ನೀವು ತೋಟಕ್ಕೆ ಇಳಿದ ಮೇಲೆ ಆ ಪುಟ್ಟ ಬಾಗಿಲು ತೆರೆಯುತ್ತದೆ, ಮನೆಯವರು ಅಲ್ಲೇ ಕೂತಿರುತ್ತಾರೆ. ಆಗ ಮಾತಿಲ್ಲ. ಎಲ್ಲರೂ ತಿರುಗಿ ನಿಂತು ಒಟ್ಟಿಗೆ ಬಾಗುತ್ತಾರೆ.

ಮಾರನೆಯ ದಿನ ಕೈಯಲ್ಲೇ ಬರೆದ ಒಂದು ಕಾಗದ ಕಳಿಸಿ. ಜಪಾನೀಸ್ ಬಾರದಿದ್ದರೆ ಇಂಗ್ಲಿಷಿನಲ್ಲಿ ಬರೆಯಿರಿ. ಉದ್ದ ಬೇಡ, ನಾಲ್ಕು ಸಾಲು ಸಾಕು. ಬರೀ ಥ್ಯಾಂಕ್ಸ್ ಬದಲು ನೀವು ಕಂಡ ಯಾವುದಾದರೂ ಒಂದನ್ನು ಹೆಸರಿಸಿ. ಎಲೆಯ ಮೇಲೆ ಉಳಿದಿದ್ದ ನೀರಿನ ಹನಿ, ಬಟ್ಟಲಿನ ಒಳಗಿನ ಹಸಿರು, ಏನಾದರೂ ಸರಿ. ಆ ಹನಿಯನ್ನು ಅವರು ಬೆಳಿಗ್ಗೆ ಎದ್ದು ಬೇಕೆಂದೇ ಚಿಮುಕಿಸಿರುತ್ತಾರೆ.